ಸಾಹೇಬರ ಓಟು ಯಾವ ವಾರ್ಡಿನಾಗ?

ನಮ್ಮ ದೇಶಕ್ಕೆ ಸಾಲ ಕೊಡುವ ಸಂಸ್ಥೆಯಿಂದ ನಮ್ಮ ಕೋರ್ಟುಗಳ ಬಗ್ಗೆ ವರದಿ ಬರೆಯಲು ಬಂದ ವಿದೇಶಿ ಸಾಹೇಬನಿಗೆ ನಾನು ದುಭಾಷಿ. ವಿಠ್ಠಲವಾಡಿ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಕಲಬುರಗಿಯ ಹಮಾಲ ಶರಣಪ್ಪ ಸಿಕ್ಕ. ಕೆಲಸದಿಂದ ತೆಗೆದರೆಂದು ಅವನು ಹಾಕಿದ ಕೇಸು ಎಂಟು ವರ್ಷದಿಂದ ಎಳೆಯುತ್ತಿತ್ತು.

"ಜಡ್ಜುಗಳ ನೇಮಕದ ಕಾನೂನನ್ನು ನಾವು ಹೇಳಿದಂತೆ ಬದಲಿಸದಿದ್ದರೆ ನಿಮ್ಮ ದೇಶಕ್ಕೆ ಸಾಲ ಬಂದ್. ಬದಲಿಸಿದರೆ ಕೇಸು ಬೇಗ ಮುಗಿದು ಇವನಿಗೂ ಒಳ್ಳೆಯದಲ್ಲವೇ, ಕೇಳಿ," ಎಂದ ಸಾಹೇಬ.

ನಮಗೆ ಹೀಗೆ ಹೇಳಲು ಈ ಸಾಹೇಬ ಯಾರು ಎಂದು ನನಗೆ ಮೈಯೆಲ್ಲ ಉರಿಯಿತು. ಆದರೂ ಕೇಳಿದೆ.

ಶರಣಪ್ಪ ಅಂದ: "ಕೋರ್ಟ್ ತಡಾ ಮಾಡ್ತದ, ಖರೇ ಅದರಿ. ಬೈಲಿಕ್ಕ ನಾ ಇದ್ದೀನಲ್ರಿ. ಈ ಸಾಹೇಬರ ಓಟು ಯಾವ ವಾರ್ಡಿನಾಗ ಅದ, ಕೇಳ್ರಿ."

ದಿನವಿಡೀ ಎಲ್ಲರ ಮಾತನ್ನೂ ಮೆತ್ತಗೆ ಮಾಡಿ ದಾಟಿಸುತ್ತಿದ್ದ ನಾನು ಇದನ್ನು ಮಾತ್ರ ಹಾಗೇ ಒಪ್ಪಿಸಿದೆ. ಸಾಹೇಬ ಏನೋ ಬರೆದುಕೊಂಡ.

ವರದಿ ಬಂದಾಗ ಹುಡುಕಿ ಓದಿದೆ: 'ಕಾರ್ಮಿಕರು ನಮ್ಮ ಸಲಹೆಯನ್ನು ಸ್ವಾಗತಿಸಿದರು.'

ಶರಣಪ್ಪನ ಮಾತನ್ನು ಕೊನೆಗೆ ಅನುವಾದಿಸಿದವನು ಸಾಹೇಬನೇ; ದುಭಾಷಿಯ ಕೂಲಿ ಮಾತ್ರ ನನಗೆ ಕೊಟ್ಟಿದ್ದರು.