ಮೊಲದ ಶೀಶೆ, ನೀಲಪ್ಪನ ಎಲೆ

ಹೋದ ತಿಂಗಳು ನಮ್ಮ ಮನೆಗೆ ಒಂದು ಮೊಲ ಬಂತು. ಇಡೀ ಮೊಲವಲ್ಲ, ಅದರ ರಕ್ತದಿಂದ ತೆಗೆದ ನಾಲ್ಕು ಹನಿ. ಥರ್ಮಾಕೋಲ್ ಡಬ್ಬಿ, ಒಳಗೆ ಐಸ್ ಪ್ಯಾಕ್, ನಡುವೆ ಕಿರುಬೆರಳಿನಷ್ಟು ಶೀಶೆ.

ಅದು ಪಕ್ಕದ ಮನೆಯ ನಸ್ರೀನಳದು. ಮೆಣಸಿನಕಾಯಿ ಗಿಡದ ಎಲೆ ಮುದುಡಿಸುವ ಮುಟುರು ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಲ್ಯಾಬಿಗೆ ರಜೆ, ಆಕೆ ರಾಣೆಬೆನ್ನೂರಿಗೆ ಮದುವೆಗೆ ಹೋಗಿದ್ದಳು. ಹಾಗಾಗಿ ಕೊರಿಯರ್‌ನವನಿಗೆ ನಮ್ಮ ವಿಳಾಸ. "ಕಾಕಾ, ಬಂದ ಕೂಡ್ಲೇ ಫ್ರಿಡ್ಜಿನ್ಯಾಗ ಇಡ್ರಿ" ಅಂತ ಎರಡು ಸಲ ಹೇಳಿದ್ದಳು.

ಇಟ್ಟೆ. (ಬೆಳಿಗ್ಗೆ ಬಂದದ್ದನ್ನು ಮಧ್ಯಾಹ್ನ ಊಟವಾದ ಮೇಲೆ ಇಟ್ಟೆ. ಅಲ್ಲಿಯವರೆಗೆ ಶೋಕೇಸಿನ ಮೇಲಿತ್ತು. ಐಸ್ ಪ್ಯಾಕ್ ನೀರಾಗಿತ್ತು. ಇದು ನಮ್ಮ ನಿಮ್ಮಲ್ಲೇ ಇರಲಿ.)

ವೈರಸ್ಸಿನ ಒಂದು ಪ್ರೋಟೀನನ್ನು ಮೊಲಕ್ಕೆ ಚುಚ್ಚುತ್ತಾರಂತೆ. ಆಗ ಮೊಲದ ರಕ್ತದಲ್ಲಿ ಬಗೆಬಗೆಯ ಆಂಟಿಬಾಡಿಗಳು ಹುಟ್ಟುತ್ತವೆ. ಒಂದು ಆ ಪ್ರೋಟೀನಿನ ಕಾಲು ಹಿಡಿದರೆ ಇನ್ನೊಂದು ಕೈ ಹಿಡಿಯುತ್ತದೆ. ಅದಕ್ಕೇ ಪಾಲಿಕ್ಲೋನಲ್ ಎಂದು ಹೆಸರು. ಶೀಶೆಯಲ್ಲಿದ್ದದ್ದು ಅವೇ; ಅವನ್ನು ಹಾಕಿ ಪರೀಕ್ಷಿಸಿದಾಗ ಎಲೆಯ ರಸದಲ್ಲಿ ರೋಗವಿದ್ದರೆ ಕೊನೆಗೆ ಹಳದಿ ಬಣ್ಣ ಬರುತ್ತದೆ.

"ಆ ಮೊಲ ಸತ್ತೈತ್ರಿ ಕಾಕಾ. ಇದು ಮುಗದ್ರ ಬ್ಯಾರೆ ಮೊಲದ್ದು ತಂದು ಮೊದಲಿಂದ ಎಲ್ಲಾ ಚೆಕ್ ಮಾಡಬೇಕು. ಒಂದು ವರ್ಷ ಹೋತು ಅಂತ ತಿಳೀರಿ" ಅಂದಿದ್ದಳು.

ಪರೀಕ್ಷೆಗೆ ಎಲೆ ಕೊಟ್ಟವನು ಕದರಮಂಡಲಗಿಯಲ್ಲಿ ಮೆಣಸಿನಕಾಯಿ ಬೆಳೆಯುವ ನನ್ನ ಗೆಳೆಯ ನೀಲಪ್ಪ. ರೋಗ ಹತ್ತಿದ ಗಿಡದ, ಇನ್ನೂ ಮುಟುರದ ಎಲೆ ಬೇಕೆಂದು ನಸ್ರೀನ್ ಹೇಳಿಕಳಿಸಿದ್ದಳು. ಕಣ್ಣಿಗೆ ಕಾಣುವ ಮೊದಲೇ ರೋಗ ಪತ್ತೆ ಹಚ್ಚುವುದು ಆಕೆಯ ಕೆಲಸ. ನಾನೇ ಬೈಕಿನಲ್ಲಿ ತಂದುಕೊಟ್ಟೆ.

ಹಳದಿ ಬರಲಿಲ್ಲ. ತಾಳೆ ನೋಡಲು ಇಟ್ಟುಕೊಂಡಿದ್ದ, ರೋಗವಿದೆಯೆಂದು ಗೊತ್ತಿದ್ದ ಎಲೆಯ ರಸವೂ ಮುಗಿದಿತ್ತು; ತಪ್ಪು ಎಲೆಯದೋ ಶೀಶೆಯದೋ ತಿಳಿಯುವಂತಿರಲಿಲ್ಲ.

ಸಂಜೆ ನಸ್ರೀನ್ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಅತ್ತು ಕಣ್ಣು ಕೆಂಪಾಗಿದ್ದವು. "ಆಂಟಿಬಾಡಿ ಕೆಟ್ಟೈತಿ ಅನಸ್ತೈತಿ. ಖರೇ ಹೇಳ್ರಿ ಕಾಕಾ, ಬಂದ ಕೂಡ್ಲೇ ಇಟ್ಟೀರಿಲ್ಲೋ?"

"ಇಟ್ಟೇನವಾ!" ಅಂದೆ. ಎಷ್ಟು ಸಲೀಸಾಗಿ ಬಂತು ನೋಡಿ!

"ಹಂಗಾರ ದಾರ್‍ಯಾಗ ಕೆಟ್ಟಿರಬೇಕು. ನಾಳೆ ಚೆಲ್ಲಿಬಿಡ್ತೇನಿ" ಎಂದು ಎದ್ದುಹೋದಳು.

ನನಗೆ ಊಟ ಸೇರಲಿಲ್ಲ. ತಪ್ಪು ಹೊರಿಸಲು ಇನ್ನೊಬ್ಬರು ಬೇಕಲ್ಲ? ನೀಲಪ್ಪನಿಗೆ ಫೋನ್ ಹಚ್ಚಿದೆ. "ರೋಗದ ಸಾಲಿಂದೇ ಹರದು ಕೊಟ್ಟೀಯಿಲ್ಲೋ?"

"ಏ ಹುಚ್ಚಾ, ಹೆಣ್ಮಗಳು ಓದಾಕ ಅಂತ ಕೇಳ್ಯಾಳ. ಆಕಿ ಕೈಯಾಗ ರೋಗದ್ದು ಹೆಂಗ ಕೊಡ್ಲಿ? ಬಾವಿ ಬಾಜೂದ್ದು, ಛಲೋ ಛಲೋ ಆರಿಸಿ ಕೊಟ್ಟೇನಿ!"

ಓಡಿಹೋಗಿ ನಸ್ರೀನಳ ಮನೆ ಬಾಗಿಲು ಬಡಿದು ನೀಲಪ್ಪನ ಎಲೆಯ ಕಥೆ ಹೇಳಿದೆ. ಶೀಶೆ ಉಳಿಯಿತು. ಮರುದಿನ ಆಕೆಯೇ ಹೋಗಿ ರೋಗದ ಸಾಲಿನ ಎಲೆ ತಂದಳು. ಎರಡು ದಿನಕ್ಕೆ ವಾಟ್ಸಾಪಿನಲ್ಲಿ ಫೋಟೊ ಬಂತು. ಹಳದಿ!

ನಮ್ಮ ಕಡೆಯವರ ಚಾಳಿಯೇ ಇದು. ಡಾಕ್ಟರ ಮುಂದೆ ಕುಳಿತೂ "ಆರಾಮ ಅದೀನ್ರಿ" ಅನ್ನುತ್ತೇವೆ. ಬೀಗರಿಗೆ ಛಲೋದ್ದೇ ಕೊಡೋಣ, ಸರಿ. ಲ್ಯಾಬಿಗೂ ಅದನ್ನೇ ಕೊಟ್ಟರೆ ಹೇಗೆ? ನೀಲಪ್ಪನನ್ನು ಚೆನ್ನಾಗಿ ಬೈದೆ.

ಮೊನ್ನೆ ನಸ್ರೀನ್ ಪೇಢಾ ತಂದಳು. "ಡಬ್ಬಿ ಭಾಳ ಜ್ವಾಪಾನ ಮಾಡಿ ಇಟ್ಟಿದ್ರಿ ಕಾಕಾ" ಅಂದಳು. ಎರಡು ತಿಂದೆ. ಆಕೆ ಈ ಅಂಕಣವನ್ನು ತಪ್ಪದೆ ಓದುತ್ತಾಳೆ.

ನಸ್ರೀನ್, ಮ್ಯಾಲಿನ ಬ್ರಾಕೆಟ್ಟು ಓದಿದ್ಯಲ್ಲವಾ, ಪೇಢಾ ವಾಪಸ್ ಬೇಕೇನು?