ಅಂಗನವಾಡಿಗೆ ಕೊಟ್ಟ ಸೊಪ್ಪು

ನಾನು ಮದುವೆಯಾಗಿ ಬರುವ ಹೊತ್ತಿಗೆ ಮೈಸೂರಿನ ಅಂಚಿನ ಹಿನಕಲ್ ಊರಾಗಿ ಉಳಿದಿರಲಿಲ್ಲ. ನಮ್ಮ ಹೊಲದ ಮೂರು ಕಡೆ ಸೈಟು, ಮನೆ, ಒಂದು ಕಲ್ಯಾಣ ಮಂಟಪ. ಇನ್ನೊಂದು ಕಡೆ ಕಾಲುವೆ. ಉಳಿದ ಆ ತುಂಡು ನೆಲದಲ್ಲಿ ನಮ್ಮತ್ತೆ ಸೊಪ್ಪು ಬೆಳೆಯುತ್ತಿದ್ದರು. ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ. ಬೆಳಿಗ್ಗೆ ಕಿತ್ತು, ತೊಳೆದು, ಬಾಳೆನಾರಿನಲ್ಲಿ ಕಟ್ಟಿ, ಬುಟ್ಟಿ ಹೊತ್ತು ಅಗ್ರಹಾರದ ಮನೆಗಳಿಗೆ ಮಾರಲು ಬಸ್ಸು ಹತ್ತುವರು. ಗಂಡ ಕಾರ್ಖಾನೆಗೆ ಹೋದ ಮೇಲೆ ಸುಮ್ಮನೆ ಕೂರಲಾರದೆ ನಾನೂ ಸೊಪ್ಪಿನ ಮಡಿಗೆ ಇಳಿದೆ. ಮದ್ದು ಹೊಡೆಯುವುದನ್ನು ಅತ್ತೆ ಎಂದೂ ಒಪ್ಪಿದವರಲ್ಲ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಕಾಲುವೆ ನೀರು, ಅಷ್ಟೇ.

ಕಾನೂನಿನ ಮಾತು ನಮ್ಮ ಮನೆಗೆ ಬಂದದ್ದು ಒಂಟಿಕೊಪ್ಪಲಿನ ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರಿಂದ. ನಗರದ ಸುತ್ತ ಸೊಪ್ಪು ತರಕಾರಿ ಬೆಳೆಯುವ ನಮ್ಮಂಥವರನ್ನು ಸೇರಿಸಿ ಅವರು ಒಂದು ಸಂಘ ಕಟ್ಟಿದ್ದರು. ಅಂಗನವಾಡಿ, ಹಾಸ್ಟೆಲ್ಲು, ಸರ್ಕಾರಿ ಆಸ್ಪತ್ರೆಗಳು ರಾಗಿ, ಕಾಳು, ತರಕಾರಿಯನ್ನು ಹತ್ತಿರದ, ಮದ್ದು ಹಾಕದ ಬೆಳೆಗಾರರಿಂದ ಕೊಳ್ಳಬೇಕು; ಊರಂಚಿನ ಹೊಲಗಳನ್ನೂ ಅವುಗಳ ನೀರನ್ನೂ ಸರ್ಕಾರ ಕಾಪಾಡಬೇಕು. ಇಂಥದ್ದೊಂದು ಕಾನೂನು ರಾಜ್ಯಕ್ಕೆ ಬರಲಿ ಎಂಬುದು ಸಂಘದ ಬೇಡಿಕೆ. ಶಾಸಕರೊಬ್ಬರು ಮಸೂದೆ ಮಂಡಿಸಲು ಒಪ್ಪಿದ್ದರು. ಅದಕ್ಕೂ ಮುಂಚೆ ಮೈಸೂರಿನಲ್ಲೇ ಜನರ ಅಭಿಪ್ರಾಯ ಕೇಳುವ ಸಭೆ ಎಂದಾಗಿತ್ತು.

“ಕಾನೂನು ಬಂದ್ರೆ ಇದು ನಡೆಯುತ್ತೆ ಅಂತ ಮಾಡಿ ತೋರಿಸ್ಬೇಕಲ್ಲಮ್ಮ” ಎಂದರು ಮೇಷ್ಟ್ರು.

ಅದಕ್ಕೆ ನಮ್ಮ ಬೀದಿಯ ಅಂಗನವಾಡಿಯನ್ನೇ ಆರಿಸಿದೆವು. ನನ್ನ ಮಗಳೂ ಅಲ್ಲಿಗೇ ಹೋಗುತ್ತಿದ್ದಳು. ದಿನಾ ಒಂದು ಬುಟ್ಟಿ ಸೊಪ್ಪು ಪುಕ್ಕಟೆ ಕೊಟ್ಟೆವು. ಅತ್ತೆ ಎಳೆಯ ಕಟ್ಟುಗಳನ್ನು ಮಕ್ಕಳಿಗೆಂದು ತೆಗೆದಿಟ್ಟು, ಉಳಿದದ್ದನ್ನು ಅಗ್ರಹಾರಕ್ಕೆ ಒಯ್ಯುವರು. ಸಹಾಯಕಿ ಅದನ್ನು ಬೇಳೆಯ ಜೊತೆ ಬೇಯಿಸಿ, ಮಸೆದು, ಅನ್ನಕ್ಕೆ ಕಲಸಿ ಕೊಡುವಳು. ಮುಖ ತಿರುಗಿಸುವ ಮಕ್ಕಳ ಪಕ್ಕದಲ್ಲಿ ಕೂತು ನಾನೇ ತುತ್ತು ಮಾಡಿ ತಿನ್ನಿಸುತ್ತಿದ್ದೆ. ಮಳೆಗಾಲದಲ್ಲಿ ಶುರುವಾದದ್ದು ಬೇಸಿಗೆಯವರೆಗೂ ನಡೆಯಿತು.

ಸಭೆ ಹತ್ತಿರ ಬಂದಾಗ ಮೇಷ್ಟ್ರು, ಬಾಯಿ ಮಾತು ಸಾಲದು, ಪರೀಕ್ಷೆ ಮಾಡಿಸಿ ಸಾಕ್ಷಿ ಕೊಡೋಣ ಎಂದರು. ನನಗೆ ಖುಷಿಯೇ ಆಯಿತು. ಮಡಿಯಿಂದ ಚೆನ್ನಾಗಿರುವ ಸೊಪ್ಪನ್ನೇ ಕಿತ್ತು ಕೊಟ್ಟೆ. ಕಾಲುವೆ ನೀರನ್ನೂ ಬಾಟಲಿಗೆ ತುಂಬಿ ಕೊಟ್ಟೆ.

ಕೆಲವು ದಿನಗಳ ಮೇಲೆ ಮೇಷ್ಟ್ರ ಸ್ಕೂಟರ್ ಮನೆ ಮುಂದೆ ನಿಂತಿತು. ಒಳಗೆ ಕರೆದರೂ ಬರದೆ ಜಗಲಿಯ ಮೇಲೆ ಕೂತರು. ಅತ್ತೆ ಮೆಂತ್ಯದ ಕಟ್ಟು ಕಟ್ಟುತ್ತಿದ್ದರು.

“ಮದ್ದಿನ ಅಂಶ ಒಂಚೂರೂ ಇಲ್ಲ” ಎಂದರು ಮೇಷ್ಟ್ರು.

“ನಾನೇಳ್ನಿಲ್ವಾ?” ಅತ್ತೆ ನಕ್ಕರು.

“ಆದ್ರೆ ಸೀಸ ಇದೆ. ಸೊಪ್ಪಲ್ಲೂ ಇದೆ, ನೀರಲ್ಲೂ ಇದೆ. ತುಂಬಾ ಜಾಸ್ತಿ.”

“ಸೀಸ ಅಂದ್ರೆ ಏನ್ ಸಾಮಿ?”

“ಬ್ಯಾಟರಿ ಒಳಗೆ ಇರುತ್ತಲ್ಲಮ್ಮ, ಅದು.”

ಕಾಲುವೆಯ ಮೇಲ್ಗಡೆ ಹಳೇ ಬ್ಯಾಟರಿ ಒಡೆಯುವ ಶೆಡ್ಡುಗಳಿದ್ದವು. ಹೋಗುತ್ತಾ ಬರುತ್ತಾ ದಿನವೂ ನೋಡುತ್ತಿದ್ದೆವು. ಅಲ್ಲಿಗೂ ನಮ್ಮ ಮಡಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

“ಚೆಂದಾಗಿ ತೊಳುದ್ರೆ ಓಗಕಿಲ್ವಾ?” ಅತ್ತೆ ಕೇಳಿದರು.

“ಇಲ್ಲಮ್ಮ. ಒಳಗೇ ಸೇರ್ಕೊಂಡಿರುತ್ತೆ.”

ನಾನು ಮಕ್ಕಳ ವಿಷಯ ಕೇಳಿದೆ. ಮೇಷ್ಟ್ರು ರಸ್ತೆಯ ಕಡೆ ನೋಡುತ್ತಾ, “ಮಕ್ಕಳ ಮೈ ಬೇಗ ಹೀರ್ಕೊಳ್ಳುತ್ತೆ. ಬೆಳೆಯೋ ಮಿದುಳಿಗೆ...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಅತ್ತೆ ಕೈಯಲ್ಲಿದ್ದ ಕಟ್ಟನ್ನು ಬಿಚ್ಚಿ ಕೆಳಗೆ ಹಾಕಿದರು. “ಎಳೇದು ಅಂತ ಆರ್ಸಿ ಆರ್ಸಿ ಕೊಟ್ಬುಟ್ನಲ್ಲವ್ವ” ಎಂದರು.

ಸಂಜೆ ಸಂಘದವರು ಸೇರಿದರು. “ಇದು ಈಚೆಗೆ ಬಂದ್ರೆ ಮಸೂದೆ ಕತೆ ಮುಗೀತು. ಬೋರ್‌ವೆಲ್ ನೀರಲ್ಲಿ ಬೆಳ್ದೋರ್ ಸೊಪ್ಪನ್ನ ಪರೀಕ್ಷೆಗೆ ಕೊಡಿ, ಅದನ್ನ ತೋರ್ಸಿ” ಎಂದರು ಒಬ್ಬರು. ಹಲವರು ತಲೆಯಾಡಿಸಿದರು. ಅವರದ್ದು ದುರುದ್ದೇಶ ಎಂದು ನಾನು ಹೇಳಲಾರೆ. ಅವರ ಹೊಟ್ಟೆಪಾಡೂ ಅದರಲ್ಲೇ ಇತ್ತು. ಮೇಷ್ಟ್ರು ನನ್ನ ಮುಖ ನೋಡಿದರು. “ನಾಳೆ ಆ ಮಕ್ಕಳ ತಾಯಂದಿರಿಗೆ ಹೇಳ್ತೀನಿ. ಅದಾದ್ಮೇಲೆ ಮುಚ್ಚಿಡೋಕೆ ಏನೂ ಉಳಿಯಲ್ಲ” ಎಂದು ನಾನು ಎದ್ದು ಬಂದೆ.

ಮಾರನೆಯ ದಿನ ಅಂಗನವಾಡಿಯ ಚಾಪೆಯ ಮೇಲೆ ತಾಯಂದಿರು ಕೂತಿದ್ದರು. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಬ್ಬಾಕೆ, “ಯಾರ್ ಕೇಳಿದ್ರು ನಿಮ್ ಸೊಪ್ಪನ್ನ? ಕಾನೂನ್ ತರಕ್ಕೆ ನಮ್ ಮಕ್ಳೇ ಬೇಕಾಗಿದ್ವಾ?” ಎಂದಳು. ಇನ್ನೊಬ್ಬಳು ಮೆಲ್ಲಗೆ, “ನಿಮ್ ಮಗೀಗೂ ಇದ್ನೇ ತಿನ್ಸಿದ್ರಾ?” ಎಂದು ಕೇಳಿದಳು.

“ಹೂಂ ಕಣಮ್ಮ.”

ಅವಳು ಮಗುವನ್ನು ಎತ್ತಿಕೊಂಡು ಹೊರಟಳು. ಬೈದವಳಿಗಿಂತ ಅವಳೇ ಈಗಲೂ ನೆನಪಾಗುತ್ತಾಳೆ.

ಮೇಷ್ಟ್ರು ಓಡಾಡಿ ಮಕ್ಕಳ ರಕ್ತಪರೀಕ್ಷೆಗೆ ಏರ್ಪಾಡು ಮಾಡಿದರು. ಕೆಲವರು ಬಂದರು, ಕೆಲವರು ಬರಲೇ ಇಲ್ಲ. ನನ್ನ ಮಗಳ ರಕ್ತದಲ್ಲಿ ಸೀಸ ಇತ್ತು. “ಔಷಧಿ ಕೊಡೋ ಮಟ್ಟಕ್ಕಿಲ್ಲ. ಇನ್ನು ಮೈಗೆ ಸೇರದ ಹಾಗೆ ನೋಡ್ಕೊಳ್ಳಿ. ಓದು ಬರಹದಲ್ಲಿ ಹೇಗಿರ್ತಾಳೆ ಅಂತ ಗಮನಿಸ್ತಾ ಇರಿ” ಎಂದರು ಡಾಕ್ಟರು. ಪರೀಕ್ಷೆ ಮಾಡಿಸಿದ ಉಳಿದ ಮಕ್ಕಳದ್ದೂ ಹೆಚ್ಚುಕಡಿಮೆ ಅದೇ ಉತ್ತರ. ಆಸ್ಪತ್ರೆಯಿಂದ ಮನೆಗೆ ಬರುವಾಗ ಮಗಳು ಬಸ್ಸಿನ ಕಿಟಕಿಗೆ ಮೂಗು ಒತ್ತಿ ಆಡುತ್ತಿದ್ದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ.

ಸಭೆಗೆ ಹೋದೆ. ಮೈಕು ಕೈಗೆ ಬಂದಾಗ ಬರೆದುಕೊಂಡು ಹೋಗಿದ್ದೆಲ್ಲ ಮರೆತುಹೋಯಿತು. “ಈ ಕಾನೂನು ಬೇಕು ಅಂತ ಹೇಳೋಕೇ ಬಂದಿದ್ದೀನಿ. ನಮ್ಮ ಸೊಪ್ಪಲ್ಲಿ ಸೀಸ ಇದೆ. ಅದನ್ನ ಮಕ್ಕಳಿಗೆ ತಿನ್ನಿಸಿದ್ದೀವಿ. ಹತ್ತಿರದ್ದನ್ನ ಕೊಳ್ಳಿ ಅಂತ ಬರೆಯೋ ಮುಂಚೆ, ಹತ್ತಿರದ ನೀರಿಗೆ ಯಾರು ಏನು ಸುರೀತಿದ್ದಾರೆ ನೋಡಿ. ಮಸೂದೇಲಿ ನೀರು ಕಾಪಾಡಬೇಕು ಅನ್ನೋ ಕಲಮನ್ನ ಮಾತ್ರ ತೆಗೀಬೇಡಿ” ಎಂದೆ.

ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು, “ಹಾಗಾದ್ರೆ ಸ್ಥಳೀಯ ಆಹಾರ ಸುರಕ್ಷಿತ ಅಲ್ಲ ಅಂತ ನೀವೇ ಒಪ್ಕೊಂಡ ಹಾಗಾಯ್ತಲ್ಲಮ್ಮ?” ಎಂದರು.

“ಸೊಪ್ಪೇನ್ ತಪ್ಪು ಮಾಡ್ತು ಸಾರ್? ಕಾಲುವೆಗೆ ಸುರಿದೋರನ್ನ ಕೇಳಿ.”

ಅವರು ಏನೋ ಬರೆದುಕೊಂಡು ಮುಂದಿನವರನ್ನು ಕರೆದರು.

ಪತ್ರಿಕೆಗಳಲ್ಲಿ ವಿಷದ ಸೊಪ್ಪು ಎಂದು ದೊಡ್ಡದಾಗಿ ಬಂತು. ಶೆಡ್ಡುಗಳ ಮಾತು ಕೊನೆಯಲ್ಲೆಲ್ಲೋ ಒಂದು ಸಾಲು. ಅಗ್ರಹಾರದ ಮನೆಗಳಿಗೆ ಅತ್ತೆ ತಾವೇ ಹೋಗಿ ಹೇಳಿ ಬಂದರು; ಕೆಲವರು ಬಾಗಿಲಲ್ಲೇ ಕೇಳಿ ಒಳಗೆ ಹೋದರಂತೆ. ಬೋರ್‌ವೆಲ್ ನೀರಲ್ಲಿ ಬೆಳೆಯುವವರ ಸೊಪ್ಪನ್ನೂ ಯಾರೂ ಕೊಳ್ಳದಾದರು. ಸಂಘದ ಅರ್ಧ ಜನ ನಮ್ಮೊಂದಿಗೆ ಮಾತು ಬಿಟ್ಟರು. ಶೆಡ್ಡುಗಳಿಗೆ ಬೀಗ ಬಿತ್ತು, ಸ್ವಲ್ಪ ದಿನದಲ್ಲೇ ಮತ್ತೆ ತೆರೆದವು. ಮಸೂದೆ ಚರ್ಚೆಗೆ ಬರುವ ಮುಂಚೆಯೇ ಅಧಿವೇಶನ ಮುಗಿಯಿತು. ಕಿತ್ತ ಸೊಪ್ಪನ್ನು ದನಕ್ಕೂ ಹಾಕುವಂತಿರಲಿಲ್ಲ. ಮಡಿಯ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ರಾಶಿ ಹಾಕಿದೆವು. ಅದು ಕೊಳೆತು ನಾರುತ್ತಿತ್ತು.

ಈಗ ನಾನು ಒಂದು ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತೇನೆ. ಮೂಟೆಗಳು ಎಲ್ಲಿಂದ ಬರುತ್ತವೋ, ಯಾವ ನೀರು ಕುಡಿದಿವೆಯೋ, ಅಲ್ಲಿ ಯಾರಿಗೂ ಗೊತ್ತಿಲ್ಲ. ಮಗಳು ಒಂದನೇ ತರಗತಿ. ಅಕ್ಷರ ಹತ್ತುವುದು ನಿಧಾನ. “ಈ ವಯಸ್ಸಲ್ಲಿ ಎಷ್ಟೋ ಮಕ್ಕಳು ಹೀಗೇ ಕಣ್ರೀ” ಎನ್ನುತ್ತಾರೆ ಟೀಚರು. ಇರಬಹುದು. ಅಲ್ಲದೆಯೂ ಇರಬಹುದು. ರಾತ್ರಿ ಅವಳನ್ನು ಓದಿಸುವಾಗ ಒಂದು ಅಕ್ಷರಕ್ಕೆ ತಡವರಿಸಿದರೂ ಅದನ್ನೇ ಮತ್ತೆ ಮತ್ತೆ ಹೇಳಿಸುತ್ತೇನೆ.

ಮಸೂದೆಯನ್ನು ಮತ್ತೆ ತರಿಸಲು ಮೇಷ್ಟ್ರು ಓಡಾಡುತ್ತಿದ್ದಾರೆ. ಜೊತೆಗೆ ಉಳಿದವರು ಕಡಿಮೆ. ಮೊನ್ನೆ ಬಂದು, ಇನ್ನೊಂದು ಸಭೆಯಿದೆ, ಮಾತಾಡ್ತೀಯೇನಮ್ಮ ಎಂದು ಕೇಳಿದರು. ಒಳಗಿನಿಂದ ಅತ್ತೆ, “ಓಗವ್ವ. ಆ ಶೆಡ್‌ಗೋಳ್ ಮಾತ ಮೊದ್ಲೇ ಏಳ್ಬುಡು, ಕೊನೇಗೆ ಬುಡಬ್ಯಾಡ” ಎಂದರು.

ಬರುತ್ತೇನೆ ಎಂದೆ. ಹೋಟೆಲಿನಲ್ಲಿ ಅವತ್ತಿಗೆ ರಜೆ ಕೇಳಬೇಕು.