ಗುಂಡಿ ಒತ್ತುವವಳ ಸಂಬಳ

ನಾನು ಕೊಳ್ಳೇಗಾಲದಲ್ಲಿ ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಇದ್ದದ್ದು ಒಂದೇ ಫ್ಯಾನು. ಅದರ ಮುಖ ಸದಾ ಕಂಪ್ಯೂಟರಿನ ಕಡೆಗೆ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ತಡೆಯಲಾರದೆ ಸ್ವಲ್ಪ ನನ್ನ ಕಡೆ ತಿರುಗಿಸಿಕೊಂಡೆ. ಎಂಜಿನಿಯರ್ ಸಾಹೇಬರು ಒಳಗೆ ಬಂದವರೇ ಅದನ್ನು ಮತ್ತೆ ಯಥಾಸ್ಥಾನಕ್ಕೆ ತಂದರು. "ಅದಕ್ಕೆ ಸೆಕೆ ಆದ್ರೆ ನಿಂತೇ ಹೋಗುತ್ತೆ ಕಣಮ್ಮ. ನಿಂಗಾದ್ರೆ ಬೆವರು ಬರುತ್ತೆ, ಅಷ್ಟೇ ತಾನೆ" ಅಂದರು. ಅವರು ಕೆಟ್ಟವರಲ್ಲ. ಯೋಚನೆ ಮಾಡಿಯೇ ಹೇಳಿದ್ದರು.

ನಮ್ಮದು ಕೊಳ್ಳೇಗಾಲದ ಹತ್ತಿರದ ಮುಳ್ಳೂರು. ಅಪ್ಪ ಹಿಪ್ಪುನೇರಳೆ ಬೆಳೆದು, ಅವ್ವ ರೇಷ್ಮೆ ಹುಳು ಸಾಕುವ ಮನೆ. ಸಿವಿಲ್ ಡಿಪ್ಲೊಮಾ ಮುಗಿಸಿ, ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆಯುವ ಕ್ಯಾಡ್ ಕೋರ್ಸು ಮಾಡಿದ್ದೆ. ಆ ಇನ್ಸ್ಟಿಟ್ಯೂಟಿನ ಗೋಡೆಯ ಮೇಲೆ ಟೈ ಕಟ್ಟಿದ ಒಬ್ಬ ಗಂಡಸು ಕಂಪ್ಯೂಟರ್ ಮುಂದೆ ನಗುತ್ತಿದ್ದ ಪಟವಿತ್ತು. ಕ್ಯಾಡ್ ಕಲಿತವರಿಗೆ ಸಂಬಳ ಎಣಿಸಲು ಪುರುಸೊತ್ತಿರುವುದಿಲ್ಲ ಎಂದು ಅಲ್ಲಿಯ ಮೇಷ್ಟ್ರು ಹೇಳುತ್ತಿದ್ದರು. ನನಗೂ ಎಣಿಸಲು ಹೊತ್ತು ಹಿಡಿಯಲಿಲ್ಲ. ಕೊಳ್ಳೇಗಾಲದಲ್ಲಿ ನನಗೆ ಸಿಕ್ಕಿದ್ದು ಆಫೀಸಿನ ಕೆಳಗಿನ ಜೆರಾಕ್ಸ್ ಅಂಗಡಿಯ ಹುಡುಗನ ಸಂಬಳಕ್ಕಿಂತ ಐವತ್ತು ರೂಪಾಯಿ ಹೆಚ್ಚು. ಅವನಿಗೆ ಮಧ್ಯಾಹ್ನದ ಟೀ ಬಿಟ್ಟಿ, ನನಗೆ ಇಲ್ಲ. ಅಲ್ಲಿಗೆ ಸರಿಹೋಯಿತು.

ಇದು ಎರಡು ಸಾವಿರದ ಒಂದು, ಎರಡನೇ ಇಸವಿಯ ಮಾತು. ಬಸ್ಸಿನ ಚಾರ್ಜು ಕಳೆದು ನಾನು ಮನೆಗೆ ಕೊಡುತ್ತಿದ್ದುದನ್ನು ನೋಡಿ ಅವ್ವನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಹುಳು ಗೂಡು ಕಟ್ಟುವ ಮುಂಚಿನ ವಾರ ರಾಶಿ ಸೊಪ್ಪು ತಿನ್ನುವಾಗ ಅದನ್ನು ಕುಯ್ಯಲು ಆಳು ಸಿಗುತ್ತಿರಲಿಲ್ಲ, ಸಿಕ್ಕಿದವರಿಗೆ ನನ್ನ ಸಂಬಳಕ್ಕಿಂತ ಹೆಚ್ಚು ಕೊಡಬೇಕಿತ್ತು.

"ನೋಡಮ್ಮಿ, ದೀಪಾವಳಿ ಒತ್ಗೆ ನಿಮ್ ಸಾಹೇಬ್ರು ಸಂಬ್ಳ ಜಾಸ್ತಿ ಮಾಡಿದ್ರೆ ಓಗು. ಇಲ್ದಿದ್ರೆ ಮನೇಲಿದ್ಕಂಡು ಹುಳ ನೋಡ್ಕ. ಅಲ್ಲೋಗಿ ಸುಮ್ನೆ ಕುಂತ್ಕಳದ ಇಲ್ಲೇ ಕುಂತ್ಕಬೋದು" ಅಂದಳು ಅವ್ವ.

ಹುಳುಮನೆಯ ಬಗ್ಗೆ ನನಗೆ ತಿರಸ್ಕಾರವೇನೂ ಇರಲಿಲ್ಲ. ಆದರೆ ಖಾಲಿ ಪರದೆಯ ಮೇಲೆ ಒಂದು ಗೆರೆ ಎಳೆದು, ಅದಕ್ಕೆ ಇನ್ನೊಂದು ಗೆರೆ ಕೂಡಿಸಿ, ಸಂಜೆಯ ಹೊತ್ತಿಗೆ ಅಲ್ಲೊಂದು ಮನೆ ನಿಂತಿರುತ್ತಿತ್ತಲ್ಲ, ಅದು ನನಗೆ ಬೇಕಾಗಿತ್ತು. ಅದನ್ನು ಬಿಟ್ಟು ಇರಲಾರೆ ಅನ್ನಿಸುತ್ತಿತ್ತು. ಇದನ್ನು ಅವ್ವನಿಗೆ ಹೇಳಿದರೆ ಆಕೆ ಹುಳುವಿನ ತಟ್ಟೆಯಲ್ಲಿ ಸೊಪ್ಪು ಹರಡುತ್ತಾ "ಊ" ಅಂದಳು.

ಸಾಹೇಬರ ಹತ್ತಿರ ಕೇಳಿಯೇಬಿಟ್ಟೆ. ಅವರು ನಿಜವಾಗಿಯೂ ಗೊಂದಲಕ್ಕೆ ಬಿದ್ದರು.

"ಸಂಬಳ ಯಾತಕ್ಕಮ್ಮ ಜಾಸ್ತಿ? ಗೆರೆ ಎಳೆಯೋದು ಕಂಪ್ಯೂಟರು. ಅಳತೆ ಹಾಕೋದು ಕಂಪ್ಯೂಟರು. ನೀನು ಗುಂಡಿ ಒತ್ತುತ್ತೀಯ. ನಮ್ಮ ಹಳಬರನ್ನ ನೋಡು, ಒಂದು ಶೀಟು ಮುಗಿಸೋ ಹೊತ್ತಿಗೆ ಸೊಂಟ ಹಿಡ್ಕೊಂಡು ಏಳ್ತಾರೆ."

ಹಳಬರೆಂದರೆ ನಮ್ಮ ಆಫೀಸಿನ ಡ್ರಾಫ್ಟ್ಸ್‌ಮನ್ನು. ಎಂಬತ್ತರ ದಶಕದಿಂದ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನ ಪೆನ್ನಿನಲ್ಲಿ ಮನೆಯ ನಕ್ಷೆ ಬರೆಯುತ್ತಿದ್ದವರು. ಅವರಿಗೆ ಶೀಟಿಗಿಷ್ಟು ಎಂದು ಕೊಡುವ ಪದ್ಧತಿ. ಅವರು ನಾಲ್ಕು ದಿನ ಬರೆಯುವುದನ್ನು ನಾನು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಿದ್ದೆ. ಅದೇ ನನ್ನ ತಪ್ಪಾಗಿತ್ತು. ಬೇಗ ಮುಗಿದದ್ದು ಕೆಲಸ ಹೇಗಾದೀತು ಎನ್ನುವುದು ಸಾಹೇಬರ ಪ್ರಶ್ನೆ, ಅವ್ವನದೂ ಅದೇ. ಕೊನೆಗೆ ಸಾಹೇಬರು ಒಂದು ದಾರಿ ತೋರಿಸಿದರು. ಅಜ್ಜೀಪುರದ ಒಂದು ದೊಡ್ಡ ಕುಟುಂಬ ಮನೆ ಕಟ್ಟಿಸುತ್ತಿದೆ, ಅದರ ಪ್ಲಾನನ್ನು ಅವರು ಒಪ್ಪಿ ರುಜು ಹಾಕಿದ ದಿನ ನಿನ್ನ ಸಂಬಳದ ವಿಚಾರ ಮಾತಾಡೋಣ ಅಂದರು.

ಮುಂದಿನ ಬುಧವಾರ ಅಜ್ಜೀಪುರದವರು ಬಂದರು. ಯಜಮಾನರು, ಮೂರು ಜನ ಗಂಡುಮಕ್ಕಳು, ಮೂವರು ಸೊಸೆಯರು, ಯಜಮಾನರ ತಂಗಿ ಒಬ್ಬರು, ಜೊತೆಗೆ ಅರಿಸಿನ ಮಾರಲು ತಂದ ಟೆಂಪೋದ ಡ್ರೈವರು. ಎಲ್ಲರೂ ಚಪ್ಪಲಿ ಬಿಟ್ಟು ಒಳಬಂದು ಕಂಪ್ಯೂಟರಿಗೆ ಕೈ ಮುಗಿದರು. ಡ್ರೈವರು ಫ್ಯಾನಿನ ಮುಂದೆ ನಿಂತ.

ಯಜಮಾನರ ಷರತ್ತು ಒಂದೇ. "ಮನೆ ಒಂದೇ ಇರ್ಬೇಕು ಕನವ್ವ, ಒಲೆನೂ ಒಂದೇ. ಮಿಕ್ಕಿದ್ದ ನೀವೆಂಗಾರ ಮಾಡ್ಕಳಿ."

ನಾನು ಬರೆದು ಇಟ್ಟಿದ್ದ ಮನೆಯನ್ನು ತೋರಿಸಿದೆ. ಎಲ್ಲರೂ ತಲೆದೂಗಿದರು. ಆವತ್ತೇ ರುಜು ಆಗಿಬಿಡುತ್ತಿತ್ತು. ಆದರೆ ದೊಡ್ಡ ಸೊಸೆ ಅಡುಗೆಮನೆಯ ಬಾಗಿಲು ಸ್ವಲ್ಪ ಈ ಕಡೆ ಇದ್ದಿದ್ದರೆ ಚೆನ್ನಾಗಿತ್ತು ಅಂದಳು. ನಾನು ಕಲಿತ ವಿದ್ಯೆ ತೋರಿಸುವ ಉಮೇದಿನಲ್ಲಿ ತಟಕ್ಕನೆ ಅದನ್ನು ಅಳಿಸಿ ಆ ಕಡೆ ಇಟ್ಟೆ. ಎಲ್ಲರೂ ಪರದೆಯ ಹತ್ತಿರಕ್ಕೆ ಬಗ್ಗಿದರು.

"ಅಳುಸ್ದ್ರೆ ಕಾಗ್ದ ಅರಿಯಕಿಲ್ವಾ?" ಎಂದು ನಡುವಿನ ಸೊಸೆ ಕೇಳಿದಳು.

"ಇಲ್ಲ ಅಕ್ಕ, ಎಷ್ಟು ಸಲ ಬೇಕಾದ್ರೂ ಅಳಿಸಬಹುದು" ಅಂದೆ.

ಆ ಒಂದು ಮಾತಿಗೆ ನಾನು ಮೂರು ತಿಂಗಳು ಅನುಭವಿಸಿದೆ. ಹಳಬರ ಕಾಲದಲ್ಲಿ ಯಾರಿಗಾದರೂ ಬಾಗಿಲು ಸರಿಸಬೇಕಿದ್ದರೆ ಅವರು ಬ್ಲೇಡಿನಿಂದ ಇಂಕು ಕೆರೆಯುತ್ತಾ ಒಂದು ನಿಟ್ಟುಸಿರು ಬಿಡುತ್ತಿದ್ದರಂತೆ. ಕೇಳಿದವರಿಗೆ ನಾಚಿಕೆಯಾಗಿ, ಇರಲಿ ಬಿಡಿ ಸಾ, ಇದ್ದ ಕಡೆಯೇ ಇರಲಿ ಅನ್ನುತ್ತಿದ್ದರಂತೆ. ಕಂಪ್ಯೂಟರು ನಿಟ್ಟುಸಿರು ಬಿಡುವುದಿಲ್ಲ. ಗುಂಡಿ ಒತ್ತುವವಳ ನಿಟ್ಟುಸಿರನ್ನು ಯಾರೂ ಕೆಲಸದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಪ್ರತಿ ಬುಧವಾರ ಟೆಂಪೋ ಬಂತು. ಅಡುಗೆಮನೆ ಮನೆಯ ನಾಲ್ಕೂ ಮೂಲೆ ಸುತ್ತಿ ಮೊದಲಿನ ಜಾಗಕ್ಕೇ ಬಂದು ಕೂತಿತು. ಬಚ್ಚಲು ಒಂದು ವಾರ ಹಿತ್ತಿಲಿನಲ್ಲಿತ್ತು, ಇನ್ನೊಂದು ವಾರ ಹಜಾರದ ನಡುವೆ. ಪರದೆಯ ಮೇಲೆ ಮನೆಯನ್ನು ಚಿಕ್ಕದು ಮಾಡಿ ಪೂರ್ತಿ ತೋರಿಸಿದಾಗ ಹಿರಿಯ ಮಗ ಗಾಬರಿಯಾಗಿ, ಮೊನ್ನೆ ಇಷ್ಟು ದೊಡ್ಡದಿತ್ತು, ಜಾಗ ಎಲ್ಲಿ ಹೋಯಿತು ಎಂದು ಸಾಹೇಬರನ್ನು ತರಾಟೆಗೆ ತೆಗೆದುಕೊಂಡ. ಒಮ್ಮೆ ನಾನು ಪರದೆಯ ಮೇಲೆ ಗೋಡೆಗಳನ್ನು ಮಾತ್ರ ಮರೆಮಾಡಿ ಮಂಚ, ಒಲೆ, ಕಕ್ಕಸಿನ ಗುಂಡಿಗಳನ್ನು ಸರಿಪಡಿಸುತ್ತಿದ್ದಾಗ ಯಜಮಾನರು ಒಳಗೆ ಬಂದರು. ತಮ್ಮ ಸೊಸೆಯರ ಮಂಚಗಳೆಲ್ಲ ಬಟ್ಟಬಯಲಲ್ಲಿ ಬಿದ್ದಿರುವುದನ್ನು ಕಂಡು ತಟ್ಟನೆ ಮುಖ ತಿರುಗಿಸಿಕೊಂಡರು. "ಮೊದ್ಲು ಗೋಡೆ ಏರ್ಸವ್ವ" ಅಂದರು.

ಅಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಎರಡು ಕಡೆ ಒತ್ತಿದರೆ ಕಂಪ್ಯೂಟರು ಅಳತೆ ಹೇಳುತ್ತದೆಂದು ಸೊಸೆಯರಿಗೆ ಗೊತ್ತಾದ ಮೇಲೆ ನಿಜವಾದ ಫಜೀತಿ ಶುರುವಾಯಿತು. ಅದುವರೆಗೆ ಅವರ ಮನೆಯಲ್ಲಿ ಯಾರೂ ಕೋಣೆ ಅಳೆದವರಲ್ಲ. ನಡುವಿನವಳ ಕೋಣೆ ಕಿರಿಯವಳದಕ್ಕಿಂತ ಎರಡು ಅಂಗುಲ ದೊಡ್ಡದು ಎಂದು ಪರದೆ ಹೇಳಿತು. ಗೋಡೆಯ ದಪ್ಪದಿಂದ ಬಂದ ವ್ಯತ್ಯಾಸ ಅದು, ಗಾರೆ ಮೆತ್ತಿದರೆ ಮುಚ್ಚಿಹೋಗುವಂಥದ್ದು. ಹೇಳಿದರೆ ಕೇಳುವವರಾರು. "ಎಲ್ಡು ಅಂಗ್ಲ ಅಂದ್ರೆ ಏನಂದ್ಕಂಡೆ ನೀನು?" ಎಂದು ಕಿರಿಯವಳು ನನ್ನನ್ನೇ ಕೇಳಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ ಮೂರು ಕೋಣೆ ಸಮ ಮಾಡಿದೆ. ಉಳಿದ ಹಜಾರ ಮುರಿದ ದೋಸೆಯ ಆಕಾರಕ್ಕೆ ಬಂತು.

ದೀಪಾವಳಿ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಅವ್ವ ಹೊಸ ಬೆಳೆಗೆ ಹುಳುವಿನ ಮೊಟ್ಟೆ ಹೇಳಿಯಾಗಿತ್ತು, ನಾನು ಮನೆಯಲ್ಲೇ ಇರುತ್ತೇನೆಂದು ನಂಬಿಕೊಂಡು ಎಂದಿಗಿಂತ ಹೆಚ್ಚೇ ಹೇಳಿದ್ದಳು. ಒಂದು ಬುಧವಾರ ಉಳಿದವರು ಅರಿಸಿನದ ಮಂಡಿಗೆ ಹೋಗಿದ್ದಾಗ ಕಿರಿಯ ಮಗ ಒಬ್ಬನೇ ಬಂದು ನನ್ನ ಪಕ್ಕದಲ್ಲಿ ಬಗ್ಗಿ ನಿಂತ.

"ನೋಡವ್ವಾ, ಇಲ್ಲಿಂದ ಇಲ್ಗೆ ಒಂದ್ ಗೋಡೆ ಎಳ್ದು ತೋರ್ಸು. ಸುಮ್ನೆ ನೋಡಾಕೆ. ಆಮೇಲೆ ಅಳ್ಸ್ಬುಡು."

ಎಳೆದೆ. ಅಳಿಸಬಹುದಲ್ಲ ಎಂದು ನಾನೂ ಅಂದುಕೊಂಡೆ. ಅವನ ಕೋಣೆ, ಅವನ ಪಾಲಿನ ಅಂಗಳ, ಅವನದೇ ಒಂದು ಬಾಗಿಲು ಗೋಡೆಯ ಆಚೆ ಬೇರೆಯಾಗಿ ನಿಂತವು. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಅಷ್ಟರಲ್ಲಿ ಹಿಂದಿನಿಂದ ಯಜಮಾನರ ಕೆಮ್ಮು ಕೇಳಿತು. ಅವರು ಯಾವಾಗ ಬಂದಿದ್ದರೋ. ನನ್ನ ಕೈ ಅಳಿಸುವ ಗುಂಡಿಯ ಮೇಲೆ ಹೋಗುವುದಕ್ಕೂ ಹೆದರಿ ಅಲ್ಲೇ ನಿಂತಿತು.

ಅವರು ಮಗನನ್ನು ಬೈಯಲಿಲ್ಲ. ಆ ಗೆರೆಯ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿ ನೋಡಿದರು. ಆಮೇಲೆ ಸಾಹೇಬರ ಕೋಣೆಗೆ ಹೋಗಿ ಕೂತರು.

"ಸಾ, ಇದ್ರಲ್ಲಿ ಬ್ಯಾಡ. ಇದು ಕೇಳ್ದಂಗೆಲ್ಲ ಕುಣೀತದ. ಅಳ್ಸಾಕಾಗ್ದಂಗೆ ಕೈಯಲ್ಲಿ ಬರ್ಕೊಡಿ. ಮೊದ್ಲ ದಿನ ತೋರ್ಸಿದ್ರಲ್ಲ, ಅದ್ನೇಯ."

ಪ್ಲಾನು ಒಪ್ಪಿಗೆಯಾಗಿತ್ತು, ಅದೂ ನನ್ನದೇ ಪ್ಲಾನು, ಆದರೆ ನನ್ನದಲ್ಲ. ರುಜು ಬೀಳುವುದು ಹಳಬರ ಶೀಟಿನ ಮೇಲೆ. ಸಂಬಳದ ಮಾತು ಅಲ್ಲಿಗೆ ಮುಗಿಯಿತು ಎಂದು ಸಾಹೇಬರ ಮುಖವೇ ಹೇಳುತ್ತಿತ್ತು. ತೊಡಕೊಂದೇ, ಹಳಬರು ಆ ವಾರವಷ್ಟೇ ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿದ್ದರು. ಸಾಹೇಬರು ತಲೆ ಕೆರೆದುಕೊಂಡರು. ನನಗೆ ಎಲ್ಲಿತ್ತೋ ಸಿಟ್ಟು, "ನಾನು ಬರೀತೀನಿ ಸಾರ್. ಶೀಟಿಗೆ ಅವರಿಗೆ ಕೊಡೋದನ್ನೇ ನಂಗೂ ಕೊಡಬೇಕು" ಅಂದೆ.

"ಕೈಯಲ್ಲಿ ಬರೆದ್ರೆ ಕೊಡಲೇಬೇಕಲ್ಲಮ್ಮ, ಅದು ಕೆಲಸ" ಎಂದು ಅವರು ಯಾವ ಎಗ್ಗೂ ಇಲ್ಲದೆ ಒಪ್ಪಿದರು.

ನಾನು ಮಾಡಿದ್ದು ಇಷ್ಟೇ. ಮೊದಲ ದಿನದ ಮನೆಯನ್ನು ಕಂಪ್ಯೂಟರಿನಿಂದ ಅಚ್ಚು ತೆಗೆದು, ಹಾಳೆಗಳನ್ನು ಅಂಟಿಸಿ, ಅದರ ಮೇಲೆ ಅಡಿಯ ಗೆರೆ ಕಾಣುವ ಟ್ರೇಸಿಂಗ್ ಹಾಳೆ ಹಾಸಿ, ಹಳಬರ ಪೆನ್ನಿನಲ್ಲಿ ಗೆರೆಯ ಮೇಲೆ ಗೆರೆ ತೀಡಿದೆ. ಒಂದು ದಿನ ಅರ್ಧ ಮುಗಿದ ಶೀಟಿಗೆ ಇಂಕು ಚೆಲ್ಲಿ ಮತ್ತೆ ಶುರುಮಾಡಿದೆ. ಬೆನ್ನು ನೋಯುತ್ತಿತ್ತು. ಸಾಹೇಬರು ಹಾದುಹೋಗುವಾಗಲೆಲ್ಲ ನಿಂತು, "ಸ್ವಲ್ಪ ರೆಸ್ಟ್ ತಗೊಳಮ್ಮ" ಅನ್ನುತ್ತಿದ್ದರು. ಫ್ಯಾನನ್ನು ಅವರೇ ನನ್ನ ಕಡೆ ತಿರುಗಿಸಲು ಬಂದು, ಹಾಳೆ ಹಾರುತ್ತದೆ ಎಂದು ಸುಮ್ಮನಾದರು.

ಅಜ್ಜೀಪುರದವರು ಬಂದಾಗ ಯಜಮಾನರು ಒಣಗಿದ ಇಂಕಿನ ಮೇಲೆ ಹೆಬ್ಬೆರಳು ಉಜ್ಜಿ ನೋಡಿದರು.

"ಓಯ್ತದಾ?"

"ಇಲ್ಲ. ಬ್ಲೇಡಲ್ಲಿ ಕೆರೀಬೇಕು. ಜಾಸ್ತಿ ಕೆರೆದ್ರೆ ತೂತು ಬೀಳುತ್ತೆ."

"ಅಂಗಾರೆ ಸರಿ" ಎಂದು ರುಜು ಹಾಕಿದರು. ಕಿರಿಯವಳ ಕೋಣೆ ಎರಡು ಅಂಗುಲ ಚಿಕ್ಕದೇ ಇತ್ತು. ಆಕೆ ಹಾಳೆಯನ್ನು ನೋಡಿದಳು, ನನ್ನ ಕೈ ನೋಡಿದಳು, "ಪಾಪ, ಬರ್ದವ್ಳೆ, ಇರ್ಲಿ ಬುಡು" ಅಂದಳು.

ಆಮೇಲೆ ಯಳಂದೂರಿನವರು, ಹನೂರಿನವರು ಕೂಡ ಕೈಬರಹದ್ದೇ ಬೇಕೆಂದರು. ನಾನು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮನೆ ಬರೆದು, ಮಿಕ್ಕ ವಾರವೆಲ್ಲ ಅದನ್ನು ನಕಲು ಮಾಡುತ್ತಿದ್ದೆ. ಬೆಳಗಿನದಕ್ಕೆ ಜೆರಾಕ್ಸ್ ಅಂಗಡಿಯ ದರ, ನಕಲಿಗೆ ಡ್ರಾಫ್ಟ್ಸ್‌ಮನ್ನಿನ ದರ. ಕಷ್ಟಪಟ್ಟು ಕಲಿತದ್ದಕ್ಕೆ ಬೆಲೆಯಿಲ್ಲ, ಅದನ್ನು ಮುಚ್ಚಿಡುವ ಕೆಲಸಕ್ಕೆ ಬೆಲೆಯಿದೆ ಎಂದು ಹೊಟ್ಟೆ ಉರಿಯುತ್ತಿತ್ತು. ಆದರೂ ಬಿಡಲಿಲ್ಲ.

ಮೊದಲ ಶೀಟಿನ ದುಡ್ಡು ಬಂದ ಸಂಜೆ ಅದನ್ನು ಅವ್ವನ ಕೈಯಲ್ಲಿಟ್ಟೆ. ಅವಳು ದುಡ್ಡು ನೋಡಲಿಲ್ಲ. ನನ್ನ ಬೆರಳು ಹಿಡಿದುಕೊಂಡಳು. ಉಗುರಿನ ಸಂದಿನಿಂದ ಅಂಗೈವರೆಗೆ ಕಪ್ಪಾಗಿತ್ತು.

"ಏನಮ್ಮಿ ಇದು? ಕಂಪ್ಯೂಟ್ರು ಮಸಿ ಬುಡ್ತದಾ?"

"ಊ ಕನವ್ವ, ಬುಡ್ತದ" ಅಂದೆ.

"ನಾ ಏನ್ ಕಂಡಿದ್ದೆ. ಬರೀ ಕುಂತು ಬತ್ತಳೆ ಅನ್ಕಂಡಿದ್ದೆ. ಇಷ್ಟ್ ಗೇಯ್ತಿದ್ಯಾ ನೀನು?" ಅವ್ವ ನನ್ನ ಅಂಗೈಯನ್ನು ದೀಪದ ಕಡೆ ತಿರುಗಿಸಿ ನೋಡಿದಳು. ನನಗೆ ಅಳು ಬಂತು, ಯಾವುದಕ್ಕೆಂದು ಹೇಳುವಂತಿರಲಿಲ್ಲ. ಸೊಪ್ಪಿಗೆ ಆಳು ಕರೆಯುತ್ತೇನೆ, ನೀನು ಕೆಲಸಕ್ಕೆ ಹೋಗು ಅಂದಳು. ನಾನು ಎದ್ದು ಬಚ್ಚಲಿಗೆ ಹೊರಟೆ.

"ತೊಳ್ಕಬ್ಯಾಡ, ತಾಳು. ನಿಮ್ಮಪ್ಪ ಬರ್ಲಿ, ನೋಡ್ಲಿ."

ಅಪ್ಪ ತೋಟದಿಂದ ಬರುವತನಕ ಎರಡೂ ಕೈ ಮುಂದೆ ಚಾಚಿಕೊಂಡು ಜಗಲಿಯ ಮೇಲೆ ಕೂತಿದ್ದೆ.